ಬೀಗ ಅವರದ್ದು, ಕೀಲಿ ನಮ್ಮೂರದ್ದು

ಸಾವಿರದ ನಾನೂರು ರೂಪಾಯಿ.

2010ರಲ್ಲಿ ಒಬ್ಬ ಫೈನಲ್ ಇಯರ್ ಇಂಜಿನಿಯರಿಂಗ್ ಹುಡುಗನಿಗೆ ಅದು ಎಂಥಾ ದುಡ್ಡು ಅನ್ನೋದು, ಆ ವಯಸ್ಸು ದಾಟಿ ಬಂದ ಎಲ್ಲರಿಗೂ ಗೊತ್ತು. ಕೆಂಗೇರಿ ಕಡೆಯ ಒಂದು ಖಾಸಗಿ ಕಾಲೇಜು. ವಿಜಯನಗರದ ಮನೆಯಿಂದ ಬಿಎಂಟಿಸಿ ಪಾಸಿನಲ್ಲಿ ಓಡಾಟ. ಪ್ರಾಜೆಕ್ಟ್ ವಿಷಯ, ಮಾತಿನ ದನಿಯಿಂದ ಹಿನ್ನೆಲೆ ಗದ್ದಲ ಬೇರ್ಪಡಿಸೋದು ಹೇಗೆ ಅಂತ. ಗದ್ದಲ ತೆಗೆಯೋ ಪ್ರಾಜೆಕ್ಟ್ ಮಾಡಿದವನು ಕೊನೆಗೆ ಸೇರಿದ್ದು ನ್ಯೂಸ್ ಚಾನೆಲ್. ನಗಬೇಡಿ.

ಅದಕ್ಕೆ ಒಂದು ಪೇಪರ್ ಬೇಕಿತ್ತು. ಒಂದೇ ಒಂದು, ಎಂಟು ಪುಟದ್ದು. ಪರದೆ ಮೇಲೆ ತಲೆಬರಹ ಕಾಣ್ತಾ ಇದೆ, ನಾಲ್ಕು ಸಾಲಿನ ಸಾರಾಂಶ ಕಾಣ್ತಾ ಇದೆ, ಅದರ ಕೆಳಗೆ ಒಂದು ಚೌಕ: ಪೂರ್ತಿ ಓದಬೇಕಾದರೆ 31 ಡಾಲರ್ ಕಟ್ಟಿ. ಆಗಿನ ಲೆಕ್ಕದಲ್ಲಿ ಸಾವಿರದ ನಾನೂರು. ಕಾಲೇಜಿನ ಲೈಬ್ರರಿಯನ್ ಹತ್ತಿರ ಹೋದೆ. ಒಳ್ಳೇ ಮನುಷ್ಯ. ಕನ್ನಡಕ ಮೇಲೆತ್ತಿ ನೋಡಿ, "ಇದು ನಮ್ಮ ಪ್ಯಾಕೇಜಲ್ಲಿ ಬರಲ್ಲಪ್ಪ, ಅಷ್ಟು ದುಡ್ಡು ನಮ್ಮ ಹತ್ರ ಎಲ್ಲಿದೆ" ಅಂದರು.

ಆ ಪೇಪರ್ ಬರೆದವರು ಯಾರು ಗೊತ್ತಾ? ಅಮೆರಿಕದವರಲ್ಲ, ಜರ್ಮನಿಯವರಲ್ಲ. ನಮ್ಮ ಟಾಟಾ ಇನ್‌ಸ್ಟಿಟ್ಯೂಟಿನ ಒಬ್ಬ ಪ್ರೊಫೆಸರ್. ವಿಜಯನಗರದಿಂದ ಯಶವಂತಪುರದ ಕಡೆ ಬಸ್ ಹತ್ತಿದ್ದರೆ ಅವರ ಕೊಠಡಿ ಬಾಗಿಲಿಗೇ ಹೋಗಿ ನಿಲ್ಲಬಹುದಿತ್ತು. ಅಷ್ಟು ಧೈರ್ಯ ಇರಲಿಲ್ಲ, ಒಂದು ಇಮೇಲ್ ಹಾಕಿದೆ. ಒಂದು ಗಂಟೆಯಲ್ಲಿ ಉತ್ತರ ಬಂತು. ಒಂದೇ ಸಾಲು, ಜೊತೆಗೆ ಪಿಡಿಎಫ್.

ಅವತ್ತು ಖುಷಿಯಾಗಿತ್ತು. ಸಿಟ್ಟು ಬಂದಿದ್ದು ಎಷ್ಟೋ ವರ್ಷ ಆದಮೇಲೆ, ಇನ್ನೊಂದು ವಿಷಯ ತಿಳಿದಾಗ. ಅದನ್ನು ಆಮೇಲೆ ಹೇಳ್ತೀನಿ. ಮೊದಲು ಈ ವ್ಯಾಪಾರ ಹೇಗೆ ನಡೆಯುತ್ತೆ ನೋಡಿ.

ಪ್ರೊಫೆಸರಿಗೆ ಸಂಬಳ ಕೊಡೋರು ನಾವು, ತೆರಿಗೆ ಕಟ್ಟೋರು. ಲ್ಯಾಬಿಗೆ, ಉಪಕರಣಕ್ಕೆ, ಸಂಶೋಧನಾ ವಿದ್ಯಾರ್ಥಿಯ ಫೆಲೋಶಿಪ್ಪಿಗೆ, ಎಲ್ಲಕ್ಕೂ ನಮ್ಮದೇ ದುಡ್ಡು. ಪ್ರೊಫೆಸರ್ ಪೇಪರ್ ಬರೆದು ಜರ್ನಲ್‌ಗೆ ಕಳಿಸ್ತಾರೆ. ಅದು ಸರಿ ಇದೆಯೋ ಇಲ್ಲವೋ ಪರೀಕ್ಷೆ ಮಾಡೋರು ಇನ್ನಿಬ್ಬರು ಪ್ರೊಫೆಸರ್‌ಗಳು, ಅವರಿಗೂ ಪ್ರಕಾಶಕ ಒಂದು ಪೈಸೆ ಕೊಡಲ್ಲ. ಒಪ್ಪಿಗೆ ಆದಮೇಲೆ ಬರೆದವರು ಒಂದು ಫಾರಂಗೆ ಸಹಿ ಹಾಕಿ ಕಾಪಿರೈಟನ್ನು ಪ್ರಕಾಶಕನಿಗೆ ಬರೆದುಕೊಡ್ತಾರೆ. ಕಾದಂಬರಿ ಬರೆದರೆ ರಾಯಲ್ಟಿ ಆದರೂ ಬರುತ್ತೆ, ಇಲ್ಲಿ ಅದೂ ಇಲ್ಲ. ಆಮೇಲೆ ಅದೇ ಪ್ರಕಾಶಕ ಅದೇ ಪೇಪರನ್ನು ಅದೇ ಪ್ರೊಫೆಸರ್ ಕೆಲಸ ಮಾಡೋ ಸಂಸ್ಥೆಯ ಗ್ರಂಥಾಲಯಕ್ಕೆ ಮಾರ್ತಾನೆ. ಹಾಲು ನಮ್ಮದು, ಹಸು ನಮ್ಮದು, ಹಿಂಡಿದ ಕೈಯೂ ನಮ್ಮದೇ. ಡೇರಿಯವನು ಮಾತ್ರ ನಮ್ಮನ್ನೇ ಕ್ಯೂ ನಿಲ್ಲಿಸಿ ಲೀಟರ್ ಲೆಕ್ಕದಲ್ಲಿ ಕಾಸು ಎಣಿಸ್ತಾನೆ.

ಇದು ಮೊದಲಿನಿಂದ ಹೀಗೇ ಇರಲಿಲ್ಲ. 1665ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಕಾರ್ಯದರ್ಶಿ ಹೆನ್ರಿ ಓಲ್ಡನ್‌ಬರ್ಗ್ 'ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್' ಶುರು ಮಾಡಿದಾಗ ಉದ್ದೇಶ ಸರಳ. ಯಾರು ಏನು ಕಂಡುಹಿಡಿದರು ಅನ್ನೋದು ಬೇಗ ಹತ್ತು ಜನಕ್ಕೆ ತಿಳಿಯಲಿ ಅಂತ. ಮುಂದಿನ ಮುನ್ನೂರು ವರ್ಷ ಜರ್ನಲ್‌ಗಳನ್ನು ಬಹುಮಟ್ಟಿಗೆ ನಡೆಸಿದ್ದು ಇಂಥ ವಿದ್ವತ್ ಸಂಸ್ಥೆಗಳೇ. ಎರಡನೇ ಮಹಾಯುದ್ಧ ಮುಗಿದ ಮೇಲೆ ರಾಬರ್ಟ್ ಮ್ಯಾಕ್ಸ್‌ವೆಲ್ ಅಂತ ಒಬ್ಬ ಆಸಾಮಿ ಬಂದ. ಗ್ರಂಥಾಲಯಗಳು ಬೆಲೆ ನೋಡಿ ಜರ್ನಲ್ ಬಿಡೋದಿಲ್ಲ, ಒಂದರ ಬದಲು ಇನ್ನೊಂದು ಕೊಂಡರೂ ನಡೆಯೋದಿಲ್ಲ ಅನ್ನೋದನ್ನು ಮೊದಲು ಅರ್ಥ ಮಾಡಿಕೊಂಡವರಲ್ಲಿ ಅವನೊಬ್ಬ. ಸಕ್ಕರೆ ದುಬಾರಿ ಆದರೆ ಬೆಲ್ಲ ಹಾಕ್ಕೋಬಹುದು. ಭೌತಶಾಸ್ತ್ರದ ಜರ್ನಲ್ ದುಬಾರಿ ಆಯ್ತು ಅಂತ ಸಸ್ಯಶಾಸ್ತ್ರದ್ದು ತರಿಸೋಕಾಗುತ್ತಾ? ಅವನ ಪರ್ಗಮಾನ್ ಪ್ರೆಸ್ 1991ರಲ್ಲಿ ಎಲ್ಸೆವಿಯರ್ ಪಾಲಾಯಿತು. ಆ ಎಲ್ಸೆವಿಯರ್ ಇವತ್ತು ನೂರು ರೂಪಾಯಿ ವಹಿವಾಟು ಮಾಡಿದರೆ ಮೂವತ್ತೇಳು ಮೂವತ್ತೆಂಟು ರೂಪಾಯಿ ಲಾಭ. ಚಿನ್ನದಂಗಡಿಯವರೂ ಹೊಟ್ಟೆ ಉರ್ಕೋಬೇಕು.

ಸರಿ, ಈಗ ನಮ್ಮೂರಿಗೆ ಬರೋಣ. ಇದೆಲ್ಲ ಪಾಶ್ಚಾತ್ಯರು ಮಾಡಿದ ರೋಗ, ಮದ್ದನ್ನೂ ಅವರೇ ಅರೆಯಬೇಕು ಅಂತ ನಾವು ಅಂದುಕೊಂಡಿದ್ದೀವಿ. ತಪ್ಪು. ಮದ್ದು ಅರೆದ ಕಲ್ಲುಗಳಲ್ಲಿ ಒಂದು ನಮ್ಮ ಮೈಸೂರು ರಸ್ತೆಯಲ್ಲೇ ಇದೆ.

ನೇರಳೆ ಮೆಟ್ರೋದಲ್ಲಿ ಜ್ಞಾನಭಾರತಿ ದಾಟಿ ಕೆಂಗೇರಿ ಕಡೆ ಹೋಗ್ತೀರಲ್ಲ, ಆ ದಾರಿಯಲ್ಲಿ ಆರ್.ವಿ. ಕಾಲೇಜಿನ ಆಸುಪಾಸು, ಎಂಟನೇ ಮೈಲಿ ಅಂತ ಹಳಬರು ಕರೆಯೋ ಜಾಗದಲ್ಲಿ, ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಕ್ಯಾಂಪಸ್ ಇದೆ. ಅದರೊಳಗೆ ಡಿಆರ್‌ಟಿಸಿ, ಅಂದರೆ ಡಾಕ್ಯುಮೆಂಟೇಷನ್ ರಿಸರ್ಚ್ ಅಂಡ್ ಟ್ರೈನಿಂಗ್ ಸೆಂಟರ್. ನಾಲ್ಕು ವರ್ಷ ಆ ರಸ್ತೆಯಲ್ಲಿ ದಿನಾ ಎರಡು ಸಲ ಓಡಾಡಿದೆ. ಆ ಬೋರ್ಡು ಒಂದು ಸಲವೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಇದನ್ನು ಕಟ್ಟಿದವರು ಎಸ್.ಆರ್. ರಂಗನಾಥನ್.

ಯಾರು ಈ ರಂಗನಾಥನ್? 1892ರಲ್ಲಿ ತಂಜಾವೂರು ಜಿಲ್ಲೆಯ ಶೀರ್ಕಾಳಿಯಲ್ಲಿ ಹುಟ್ಟಿದವರು. ಗಣಿತದ ಮೇಷ್ಟ್ರು. 1924ರ ಜನವರಿಯಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾದರು. ಆದರೆ ಆ ಕೆಲಸ ಅವರಿಗೆ ಮೊದಲ ವಾರವೇ ಬೇಜಾರು. ಓದೋರೇ ಬಾರದ ದೊಡ್ಡ ಕೋಣೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಸುಮ್ಮನೆ ಕೂರೋದು. ವಾಪಸ್ ಪಾಠಕ್ಕೇ ಹಾಕಿ ಅಂತ ಕೇಳಿಕೊಂಡರು. ಒಮ್ಮೆ ಲಂಡನ್ನಿಗೆ ಹೋಗಿ ಬಾ, ಆಮೇಲೂ ಬೇಡ ಅನಿಸಿದರೆ ನೋಡೋಣ ಅಂತ ಮೇಲಿನವರು ಸಮಾಧಾನ ಮಾಡಿ ಕಳಿಸಿದರು. ಅಲ್ಲಿ ನೋಡಿದ್ದೇ ಬೇರೆ ಲೋಕ. ಕಾರ್ಮಿಕರು, ಹೆಂಗಸರು, ಮಕ್ಕಳು, ಎಲ್ಲರೂ ಲೈಬ್ರರಿಯೊಳಗೆ. ಒಂದು ಅಂಗಡಿಯಲ್ಲಿ ಮಕ್ಕಳ ಮೆಕ್ಕಾನೋ ಆಟಿಕೆ ನೋಡಿದರು. ಅವೇ ತುಂಡುಗಳನ್ನು ಬೇರೆ ಬೇರೆ ಥರ ಜೋಡಿಸಿ ಬೇರೆ ಬೇರೆ ಆಕಾರ ಮಾಡೋ ಆಟ. ಪುಸ್ತಕಗಳ ವಿಷಯವನ್ನೂ ಹೀಗೇ ತುಂಡು ಮಾಡಿ ಜೋಡಿಸಬಹುದಲ್ಲ ಅಂತ ಹೊಳೆದದ್ದು ಅಲ್ಲಿ. ಅದೇ 1933ರ ಕೋಲನ್ ವರ್ಗೀಕರಣ. ಗಣಿತದ ತಲೆ ಲೈಬ್ರರಿಗೆ ಬಂದರೆ ಹೀಗಾಗುತ್ತೆ.

ನನಗೆ ಇಲ್ಲಿ ಮುಖ್ಯ ಅನಿಸೋದು ಅದಕ್ಕೂ ಮುಂಚಿನ ಒಂದು ಕೆಲಸ. ಆ ಕಾಲದ ನಮ್ಮ ಲೈಬ್ರರಿಗಳಲ್ಲಿ ಪುಸ್ತಕ ಬೀರುವಿನಲ್ಲಿ, ಬೀರುವಿಗೆ ಬೀಗ, ಬೀಗದ ಕೀಲಿ ಗುಮಾಸ್ತನ ಸೊಂಟದಲ್ಲಿ. ನೀವು ಚೀಟಿ ಬರೆದುಕೊಡಬೇಕು, ಅವನು ಮನಸ್ಸಾದರೆ ತಂದುಕೊಡ್ತಾನೆ. ಒಂದು ಕಾಲದಲ್ಲಿ ಯುರೋಪಿನಲ್ಲಿ ಪುಸ್ತಕಗಳನ್ನು ಮೇಜಿಗೆ ಸರಪಳಿ ಹಾಕಿ ಕಟ್ಟಿಡ್ತಾ ಇದ್ದರು. ಅದರ ಮುಂದುವರಿದ ರೂಪ ಇದು. ರಂಗನಾಥನ್ ಮದ್ರಾಸಿನಲ್ಲಿ ಆ ಬೀಗ ತೆಗೆಸಿದರು. ಓದುಗ ತಾನೇ ಕಪಾಟಿನ ಹತ್ತಿರ ಹೋಗಲಿ, ಮುಟ್ಟಲಿ, ತಿರುವಿ ಹಾಕಲಿ. ಹುಡುಕಿ ಬಂದದ್ದೊಂದು, ಪಕ್ಕದಲ್ಲಿ ಸಿಕ್ಕಿದ್ದು ಇನ್ನೊಂದು ಆಗಲಿ. ಈ ವ್ಯವಸ್ಥೆಗೆ ಲೈಬ್ರರಿ ಜನ ಇಟ್ಟಿದ್ದ ಇಂಗ್ಲಿಷ್ ಹೆಸರೇನು ಗೊತ್ತಾ? ಓಪನ್ ಆಕ್ಸೆಸ್.

ಹೌದು, ಅದೇ ಪದ. ಇವತ್ತು ಜರ್ನಲ್‌ಗಳ ವಿಚಾರದಲ್ಲಿ ಜಗತ್ತೆಲ್ಲ ಹೊಡೆದಾಡ್ತಾ ಇರೋ ಪದ, 1931ರಲ್ಲೇ ರಂಗನಾಥನ್ ಬರೆದ 'ಫೈವ್ ಲಾಸ್ ಆಫ್ ಲೈಬ್ರರಿ ಸೈನ್ಸ್' ಪುಸ್ತಕದಲ್ಲಿದೆ. ಆ ಐದು ಸೂತ್ರಗಳ ಸಾರ ನೋಡಿದರೆ ಇಷ್ಟೇ: ಪುಸ್ತಕವನ್ನು ಕಾಯೋದಲ್ಲ, ಬಳಸೋದು ಮುಖ್ಯ. ಯಾವ ಓದುಗನೂ ಬರಿಗೈಲಿ ಹೋಗಬಾರದು, ಯಾವ ಪುಸ್ತಕವೂ ಓದುಗನಿಲ್ಲದೆ ಕೊಳೆಯಬಾರದು. ಓದುಗನ ಹೊತ್ತು ಹಾಳು ಮಾಡಬೇಡಿ. ಗ್ರಂಥಾಲಯ ಬೆಳೀತಾ ಇರೋ ಜೀವಿ ಅನ್ನೋದು ಮರೀಬೇಡಿ. ಓದೋಕೆ ಎಷ್ಟು ಸರಳ! ಆದರೆ ನನ್ನ 31 ಡಾಲರಿನ ಚೌಕದ ಮುಂದೆ ಇವನ್ನು ಇಟ್ಟು ನೋಡಿ. ಮೊದಲ ನಾಲ್ಕಕ್ಕೂ ಅದು ತಿಲತರ್ಪಣ ಬಿಟ್ಟಿತ್ತು.

ಬನಾರಸ್, ದೆಹಲಿ, ಜ್ಯೂರಿಚ್ ಸುತ್ತಿ 1957ರಲ್ಲಿ ರಂಗನಾಥನ್ ಬೆಂಗಳೂರಿಗೆ ಬಂದು ನೆಲೆಸಿದರು. ನಿವೃತ್ತಿ ಜೀವನಕ್ಕೆ ಅಂತ ಬಂದವರಲ್ಲ. 1962ರಲ್ಲಿ, ಎಪ್ಪತ್ತರ ಹೊಸ್ತಿಲಲ್ಲಿ, ಮಹಾಲನೋಬಿಸ್ ಅವರ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಆಸರೆಯಲ್ಲಿ ಡಿಆರ್‌ಟಿಸಿ ಶುರು ಮಾಡಿದರು. ಮೊದಲು ಮಲ್ಲೇಶ್ವರ, ಆಮೇಲೆ ಮೈಸೂರು ರಸ್ತೆಯ ಈ ಕ್ಯಾಂಪಸ್. ನಮ್ಮ ರಾಜ್ಯದ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಹಿಂದೆ ಇದ್ದದ್ದೂ ಅವರು ರೂಪಿಸಿದ್ದ ಮಾದರಿಯೇ. ಆಸ್ತಿ ತೆರಿಗೆ ರಸೀದಿಯಲ್ಲಿ ಲೈಬ್ರರಿ ಸೆಸ್ ಅಂತ ಒಂದು ಸಾಲು ಇರುತ್ತಲ್ಲ, ಅದು ಆ ಕಾಯ್ದೆಯ ಬಾಬ್ತು. ನಮ್ಮ ಹಂಪಿನಗರದ ಕೇಂದ್ರ ಗ್ರಂಥಾಲಯದಲ್ಲಿ ಐಎಎಸ್, ಕೆಎಎಸ್‌ಗೆ ಓದೋ ಮಕ್ಕಳು ಕೂತಿರ್ತಾರಲ್ಲ, ಅವರು ಕೂತಿರೋದು ಆ ಸಾಲಿನ ಮೇಲೆ. ಸೆಸ್ ವಸೂಲಿ ಮಾಡಿ ಲೈಬ್ರರಿಗೆ ಕೊಡದ ಪಾಲಿಕೆಗಳ ಕಥೆ ಬೇರೆ, ಅದಕ್ಕೆ ಇನ್ನೊಂದು ದಿನ ಕೂರಬೇಕು.

ಕಾಪಿರೈಟ್ ವಿಚಾರದಲ್ಲಿ ಅವರು ಏನು ಮಾಡಿದರು ನೋಡಿ. ಹೆಂಡತಿ ಶಾರದಾ ಹೆಸರಿನಲ್ಲಿ ಬೆಂಗಳೂರಿನಲ್ಲಿ ಒಂದು ದತ್ತಿ ಸ್ಥಾಪಿಸಿದರು, ಶಾರದಾ ರಂಗನಾಥನ್ ಎಂಡೋಮೆಂಟ್ ಫಾರ್ ಲೈಬ್ರರಿ ಸೈನ್ಸ್. ತಮ್ಮ ಪುಸ್ತಕಗಳ ಹಕ್ಕನ್ನು ಅದಕ್ಕೇ ಬಿಟ್ಟುಕೊಟ್ಟರು. 1972ರ ಸೆಪ್ಟೆಂಬರ್ 27ರಂದು ಇದೇ ಊರಿನಲ್ಲಿ ತೀರಿಕೊಂಡರು. ನಮ್ಮ ಕಾನೂನಿನಲ್ಲಿ ಲೇಖಕ ಸತ್ತ ಮೇಲೂ 60 ವರ್ಷ ಕಾಪಿರೈಟ್ ಇರುತ್ತೆ. ಮೊದಲು 50 ಇತ್ತು. ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ 1991ಕ್ಕೆ ಮುಗಿಯುತ್ತೆ ಅಂತಾದಾಗ ಹತ್ತು ವರ್ಷ ಎಳೆದರು. ಆ ಲೆಕ್ಕದಲ್ಲಿ ರಂಗನಾಥನ್ ಪುಸ್ತಕಗಳಿಗೆ 2032ರ ಕೊನೆವರೆಗೆ ಬೀಗ ಇರಬೇಕಿತ್ತು. ಆದರೆ ಆ ದತ್ತಿಯವರು ಅನುಮತಿ ಕೊಟ್ಟರು, ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದವರು ಅವರ ಮುಖ್ಯ ಕೃತಿಗಳನ್ನು ಯಾರು ಬೇಕಾದರೂ ಓದೋ ಹಾಗೆ ಅಂತರ್ಜಾಲದಲ್ಲಿ ಇಟ್ಟರು. ನಾನು 'ಫೈವ್ ಲಾಸ್' ಓದಿದ್ದು ಹಾಗೇ, ಫೋನಿನಲ್ಲಿ, ಸ್ಟುಡಿಯೋದಲ್ಲಿ ಮೇಕಪ್ ಹಾಕಿಸಿಕೊಳ್ಳುವಾಗ. ಕಾಪಿರೈಟ್ ಅಂದರೆ ಬೀಗ ಮಾತ್ರ ಅಲ್ಲ, ಕೀಲಿಯೂ ಹೌದು. ಯಾರ ಕೈಯಲ್ಲಿದೆ ಅನ್ನೋದರ ಮೇಲೆ ಹೋಗುತ್ತೆ.

ರಂಗನಾಥನ್ ಮದ್ರಾಸಿನಲ್ಲಿ ಬೀರು ತೆಗೆಸುತ್ತಾ ಇದ್ದ ಅದೇ ವರ್ಷಗಳಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಘಟನೆ ನಡೆಯಿತು. 1928ರ ಫೆಬ್ರವರಿ 28ರಂದು ಕಲ್ಕತ್ತದಲ್ಲಿ ಸಿ.ವಿ. ರಾಮನ್ ಆ ಹೊಸ ಬೆಳಕನ್ನು ಕಂಡರು. ಅದೆಲ್ಲ ನಮಗೆ ಶಾಲೆಯಲ್ಲೇ ಬಾಯಿಪಾಠ. ಆದರೆ ಅದರ ಪೂರ್ತಿ ವಿವರವನ್ನು ಅವರು ಮಂಡಿಸಿದ್ದು ಮಾರ್ಚ್ 16ರಂದು, ಬೆಂಗಳೂರಿನ ಒಂದು ಉಪನ್ಯಾಸದಲ್ಲಿ. ಆ ಉಪನ್ಯಾಸ ಅಚ್ಚಾಗಿದ್ದು ಎಲ್ಲಿ? 1926ರಲ್ಲಿ ಅವರೇ ಶುರು ಮಾಡಿದ್ದ 'ಇಂಡಿಯನ್ ಜರ್ನಲ್ ಆಫ್ ಫಿಸಿಕ್ಸ್'ನಲ್ಲಿ. ಲಂಡನ್ನಿನ 'ನೇಚರ್'ಗೆ ಚಿಕ್ಕ ಟಿಪ್ಪಣಿ ಹೋಯಿತು, ನಿಜ. ಪೂರ್ತಿ ಪ್ರಬಂಧ ಮಾತ್ರ ನಮ್ಮ ಜರ್ನಲ್ಲಿನಲ್ಲಿ. ಆಮೇಲೆ ಅದರ ಪ್ರತಿಗಳನ್ನು ಅಂಚೆಯಲ್ಲಿ ದೇಶ ದೇಶದ ವಿಜ್ಞಾನಿಗಳಿಗೆ ಕಳಿಸಿದರು, ಬಿಟ್ಟಿಯಾಗಿ. ಎರಡು ವರ್ಷದಲ್ಲಿ ನೊಬೆಲ್ ಬಂತು.

1932ರಲ್ಲಿ ಬೆಂಗಳೂರಿನಿಂದ 'ಕರೆಂಟ್ ಸೈನ್ಸ್' ಶುರುವಾಯಿತು. 1934ರಲ್ಲಿ ರಾಮನ್ ಇಲ್ಲೇ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಸ್ಥಾಪಿಸಿದರು, ಅದೇ ವರ್ಷದಿಂದ ಅದರ ಪ್ರೊಸೀಡಿಂಗ್ಸ್. ಅಂತರ್ಜಾಲ ಬಂದಾಗ ಅಕಾಡೆಮಿ ತನ್ನ ಜರ್ನಲ್‌ಗಳನ್ನೆಲ್ಲ ಪೂರ್ತಿಯಾಗಿ, ಉಚಿತವಾಗಿ ಬಿಚ್ಚಿಟ್ಟಿತು. 2007ರಲ್ಲಿ ಸ್ಪ್ರಿಂಗರ್ ಜೊತೆ ಒಪ್ಪಂದ ಮಾಡಿಕೊಂಡಾಗಲೂ ತನ್ನ ಜಾಲತಾಣದಲ್ಲಿ ಬಿಟ್ಟಿ ಓದಿಸೋದನ್ನು ಬಿಟ್ಟುಕೊಡಲಿಲ್ಲ. ವ್ಯಾಪಾರ ಮಾಡಬೇಕು ಅಂದರೆ ಹೀಗೆ ಮಾಡಬೇಕು.

ಈಗ 2002ಕ್ಕೆ ಬನ್ನಿ. ನನ್ನ ಸಿಟ್ಟಿನ ಕಥೆ ಇರೋದು ಇಲ್ಲಿ.

ಅಷ್ಟೊತ್ತಿಗೆ ಭೌತವಿಜ್ಞಾನಿಗಳು ಒಂದು ದಾರಿ ತೋರಿಸಿದ್ದರು. 1991ರಲ್ಲಿ ಅಮೆರಿಕದ ಲಾಸ್ ಅಲಮೋಸ್‌ನಲ್ಲಿ ಪಾಲ್ ಗಿನ್ಸ್‌ಪಾರ್ಗ್ ಒಂದು ಕಂಪ್ಯೂಟರ್ ಇಟ್ಟು, ಪೇಪರ್ ಅಚ್ಚಾಗೋ ಮುಂಚೆಯೇ ಇಲ್ಲಿ ಹಾಕಿ, ಎಲ್ಲರೂ ಓದಲಿ ಅಂದರು. ಅದೇ ಇವತ್ತಿನ ಆರ್ಕೈವ್. 2002ರ ಫೆಬ್ರವರಿಯಲ್ಲಿ ಬುಡಾಪೆಸ್ಟ್ ಘೋಷಣೆ ಬಂತು: ಸಂಶೋಧನಾ ಪೇಪರ್‌ಗಳು ಎಲ್ಲರಿಗೂ ತೆರೆದಿರಲಿ, ಲೇಖಕರು ತಮ್ಮ ಪೇಪರಿನ ಒಂದು ಪ್ರತಿಯನ್ನು ಎಲ್ಲರಿಗೂ ತೆರೆದಿರೋ ಭಂಡಾರದಲ್ಲಿ ಇಡಲಿ. ಅದೇ 2002ರಲ್ಲಿ ನಮ್ಮ ಐಐಎಸ್‌ಸಿಯಲ್ಲಿ ಟಿ.ಬಿ. ರಾಜಶೇಖರ್ ಅನ್ನೋರು ಅಂಥ ಭಂಡಾರ ಕಟ್ಟಿಬಿಟ್ಟರು. ಇಪ್ರಿಂಟ್ಸ್ ಅಟ್ ಐಐಎಸ್‌ಸಿ. ಭಾರತದ ಮೊಟ್ಟಮೊದಲ ಸಾಂಸ್ಥಿಕ ಭಂಡಾರ. ದೆಹಲಿಯಲ್ಲಲ್ಲ, ಬಾಂಬೆಯಲ್ಲಲ್ಲ, ನಮ್ಮ ಯಶವಂತಪುರದ ಪಕ್ಕದಲ್ಲಿ.

ರಾಜಶೇಖರ್ ಅಲ್ಲಿನ ನ್ಯಾಷನಲ್ ಸೆಂಟರ್ ಫಾರ್ ಸೈನ್ಸ್ ಇನ್ಫರ್ಮೇಷನ್‌ನಲ್ಲಿದ್ದರು. ಟಿವಿಗೆ ಬರೋ ಥರದ ಮನುಷ್ಯರಲ್ಲ. ಇಂಥವರ ಹೆಸರು ನಮ್ಮ ಬ್ರೇಕಿಂಗ್ ನ್ಯೂಸ್‌ನಲ್ಲಿ ಯಾವತ್ತೂ ಬಂದಿಲ್ಲ, ಅದು ನಮ್ಮ ವೃತ್ತಿಗೇ ನಾಚಿಕೆ. ಭಂಡಾರ ಕಟ್ಟೋದು ತಂತ್ರಜ್ಞಾನದ ಕೆಲಸ ಅಂತ ನೀವು ಅಂದುಕೊಂಡರೆ ಪ್ರೊಫೆಸರ್‌ಗಳ ಸಹವಾಸ ನಿಮಗಿಲ್ಲ ಅಂತ ಅರ್ಥ. ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತೆ. ಕಷ್ಟದ ಕೆಲಸ, ದೊಡ್ಡ ದೊಡ್ಡ ವಿಜ್ಞಾನಿಗಳಿಂದ ಅವರದೇ ಪೇಪರನ್ನು ಕೇಳಿ ಪಡೆಯೋದು. "ಪ್ರಕಾಶಕರು ಏನಾದರೂ ಅಂದರೆ?" ಅನ್ನೋದು ಎಲ್ಲರಿಗೂ ಇರೋ ಭಯ. ಬಹಳಷ್ಟು ಪ್ರಕಾಶಕರು ಲೇಖಕನ ಕೊನೆಯ ಕರಡನ್ನು ಸಂಸ್ಥೆಯ ಭಂಡಾರದಲ್ಲಿ ಇಡೋಕೆ ಒಪ್ಪುತ್ತಾರೆ, ಅಚ್ಚಾದ ಚೆಂದದ ಪುಟವನ್ನಷ್ಟೇ ಇಡಬೇಡಿ ಅಂತಾರೆ. ಸಹಿ ಹಾಕೋ ಫಾರಂನಲ್ಲೇ ಅದು ಬರೆದಿರುತ್ತೆ. ಓದೋರು ಯಾರು?

ಅದೇ ಕಾಲದಲ್ಲಿ ನಮ್ಮ ಮೈಸೂರು ರಸ್ತೆಯ ಡಿಆರ್‌ಟಿಸಿಯಲ್ಲಿ ಎ.ಆರ್.ಡಿ. ಪ್ರಸಾದ್ ಮತ್ತು ಸಂಗಡಿಗರು ಡಿಸ್ಪೇಸ್ ಅನ್ನೋ ಇನ್ನೊಂದು ಉಚಿತ ಸಾಫ್ಟ್‌ವೇರ್ ಇಟ್ಟುಕೊಂಡು ಗ್ರಂಥಪಾಲಕರದೇ ಒಂದು ಡಿಜಿಟಲ್ ಲೈಬ್ರರಿ ಮಾಡಿದರು, ಬೇರೆ ಊರುಗಳ ಲೈಬ್ರರಿಯನ್‌ಗಳನ್ನು ಕರೆಸಿ ಭಂಡಾರ ಕಟ್ಟೋದು ಕಲಿಸಿದರು. ರಂಗನಾಥನ್ ತೆಗೆಸಿದ್ದು ಮರದ ಬೀರುವಿನ ಬೀಗ, ಅವರ ಸಂಸ್ಥೆ ಕೈಹಾಕಿದ್ದು ಕಂಪ್ಯೂಟರಿನ ಬೀಗಕ್ಕೆ.

2005ರಲ್ಲಿ ರಾಜಶೇಖರ್ ತೀರಿಕೊಂಡರು. ದೊಡ್ಡ ವಯಸ್ಸೇನೂ ಅಲ್ಲ. ಮಾರನೇ ವರ್ಷ, 2006ರ ನವೆಂಬರ್‌ನಲ್ಲಿ, ಐಐಎಸ್‌ಸಿಯಲ್ಲಿ ಒಂದು ಕಾರ್ಯಾಗಾರ ನಡೆಯಿತು. ಚೆನ್ನೈನ ಸುಬ್ಬಯ್ಯ ಅರುಣಾಚಲಂ, ದೇಶದಲ್ಲಿ ಈ ವಿಚಾರಕ್ಕೆ ಜೀವ ತೇಯ್ದ ಹಿರಿಯರು, ಅದರ ಹಿಂದಿದ್ದವರಲ್ಲಿ ಒಬ್ಬರು. ಅಲ್ಲಿಂದ ಹೊರಬಂದದ್ದು ಅಭಿವೃದ್ಧಿಶೀಲ ದೇಶಗಳಿಗೆ ಒಂದು ಮುಕ್ತ ಪ್ರವೇಶ ನೀತಿಯ ಕರಡು. ಸರ್ಕಾರದ ದುಡ್ಡಿನಲ್ಲಿ ಆದ ಸಂಶೋಧನೆಯ ಪೇಪರ್ ಒಪ್ಪಿಗೆ ಆದ ಕೂಡಲೇ ಒಂದು ಪ್ರತಿ ಭಂಡಾರಕ್ಕೆ ಹೋಗಲೇಬೇಕು ಅನ್ನೋದು ಅದರ ತಿರುಳು. ಈ ಚಳವಳಿಯ ಇತಿಹಾಸ ಬರೆಯೋರು ಮೂರು ಊರಿನ ಹೆಸರು ಹೇಳ್ತಾರೆ: ಬುಡಾಪೆಸ್ಟ್, ಬೆಥೆಸ್ಡಾ, ಬರ್ಲಿನ್. ನಾಲ್ಕನೇದೂ 'ಬ'ಕಾರವೇ ಸ್ವಾಮಿ. ಬೆಂಗಳೂರು.

ನಾನು ಆ 31 ಡಾಲರ್ ಚೌಕದ ಮುಂದೆ ಕೂತದ್ದು ಯಾವಾಗ? 2010ರಲ್ಲಿ. ಭಂಡಾರ ತೆರೆದು ಎಂಟು ವರ್ಷ ಆಗಿತ್ತು. ಮೊನ್ನೆ ಮೊನ್ನೆ, ಈ ಲೇಖನಕ್ಕೆ ಅಂತ ಹುಡುಕುವಾಗ, ಕುತೂಹಲಕ್ಕೆ ಆ ಪೇಪರಿನ ತಲೆಬರಹ ಹಾಕಿ ನೋಡಿದೆ. ಇತ್ತು! ಅದೇ ಎಂಟು ಪುಟ. ಸೇರಿಸಿದ ದಿನಾಂಕ ನೋಡಿದೆ, ನಾನು ಪ್ರಾಜೆಕ್ಟ್ ಮಾಡೋ ಹೊತ್ತಿಗಾಗಲೇ ಅಲ್ಲಿ ಬಂದು ಕೂತಿತ್ತು. ನನಗೂ ಗೊತ್ತಿರಲಿಲ್ಲ. ನನ್ನ ಗೈಡ್‌ಗೂ ಗೊತ್ತಿರಲಿಲ್ಲ. ಆ ಒಳ್ಳೇ ಲೈಬ್ರರಿಯನ್‌ಗೂ ಗೊತ್ತಿರಲಿಲ್ಲ. ಪಕ್ಕದ ಬೀದಿಯಲ್ಲಿ ಅನ್ನಸಂತರ್ಪಣೆ ನಡೀತಾ ಇದೆ, ನಾವು ಹೋಟೆಲ್ ಮುಂದೆ ನಿಂತು ಮೆನು ಬೆಲೆ ನೋಡಿ ಬೆವರು ಒರೆಸಿಕೊಳ್ತಾ ಇದ್ದೀವಿ.

ಬೆಂಗಳೂರಿನ ಆ ಕರಡು ಏನಾಯಿತು? 2014ರ ಡಿಸೆಂಬರ್‌ನಲ್ಲಿ ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ, ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಸೇರಿ ಒಂದು ನೀತಿ ತಂದವು. ನಮ್ಮ ದುಡ್ಡಿನಲ್ಲಿ ಬರೆದ ಪೇಪರ್ ಭಂಡಾರದಲ್ಲಿ ಇಡಿ ಅಂತ. ಇಡದವರಿಗೆ ಏನು ಮಾಡ್ತೀರಿ? ಅದಕ್ಕೆ ಗಟ್ಟಿ ಉತ್ತರ ಇರಲಿಲ್ಲ. ಹೆಲ್ಮೆಟ್ ಹಾಕಿ ಅಂತ ಬೋರ್ಡ್ ಹಾಕಿ ಪೊಲೀಸರನ್ನು ಮನೆಗೆ ಕಳಿಸಿದ ಹಾಗಾಯಿತು.

ಕಡ್ಡಾಯ ಅಂದರೆ ಏನಾಗುತ್ತೆ ಅನ್ನೋದಕ್ಕೆ ಉದಾಹರಣೆಯೂ ನಮ್ಮಲ್ಲೇ ಇದೆ. 2009ರಲ್ಲಿ ಯುಜಿಸಿ ನಿಯಮ ಮಾಡಿತು: ಪಿಎಚ್‌ಡಿ ಪ್ರಬಂಧದ ಡಿಜಿಟಲ್ ಪ್ರತಿ ಕೊಡಲೇಬೇಕು. ಅದರಿಂದ ಬೆಳೆದದ್ದು ಶೋಧಗಂಗಾ. ಇವತ್ತು ಜ್ಞಾನಭಾರತಿಯಲ್ಲೋ, ಮಾನಸಗಂಗೋತ್ರಿಯಲ್ಲೋ, ಹಂಪಿಯಲ್ಲೋ ಕನ್ನಡದಲ್ಲಿ ಬರೆದ ಪ್ರಬಂಧವನ್ನು ಬಸವೇಶ್ವರನಗರದ ಮನೆಯಲ್ಲಿ ಕೂತು ಓದಬಹುದು. ಮೊದಲು ಇವೆಲ್ಲ ರೆಕ್ಸಿನ್ ಬೈಂಡಿಂಗ್ ಹಾಕಿಸಿಕೊಂಡು ವಿಭಾಗದ ಬೀರುವಿನಲ್ಲಿ ಗೆದ್ದಲಿಗೆ ಕಾಯ್ತಾ ಇದ್ದವು. ಇನ್ನೊಂದು ಅಡ್ಡಲಾಭವೂ ಆಯಿತು. ಯಾರು ಯಾರದ್ದನ್ನು ಕದ್ದಿದ್ದಾರೆ ಅನ್ನೋದು ಈಗ ಕಾಣುತ್ತೆ. ಕೆಲವರಿಗೆ ಮುಕ್ತ ಪ್ರವೇಶ ಅಂದರೆ ಯಾಕೆ ಅಷ್ಟು ಹೆದರಿಕೆ ಅನ್ನೋದು ಅರ್ಥ ಆಯ್ತಲ್ಲ?

ಜರ್ನಲ್‌ಗಳ ವಿಚಾರದಲ್ಲಿ ಮಾತ್ರ ನಾವು ಬೇರೆ ದಾರಿ ಹಿಡಿದೆವು. 2024ರ ನವೆಂಬರ್ 25ರಂದು ಕೇಂದ್ರ ಸಂಪುಟ 'ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್' ಒಪ್ಪಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ. 30 ಪ್ರಕಾಶಕರು, ಸುಮಾರು 13,000 ಜರ್ನಲ್‌ಗಳು, 6,300 ಸರ್ಕಾರಿ ಸಂಸ್ಥೆಗಳು, ಸುಮಾರು 1.8 ಕೋಟಿ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರು. ನಾನು ಇದನ್ನು ಹಳಿಯೋಕೆ ಕೂತಿಲ್ಲ. ಯಾದಗಿರಿಯ ಸರ್ಕಾರಿ ಕಾಲೇಜಿನ ಹುಡುಗಿಗೆ ಐಐಎಸ್‌ಸಿ ವಿದ್ಯಾರ್ಥಿ ಓದೋದೇ ಸಿಗುತ್ತೆ ಅಂದರೆ ಅದು ಸಣ್ಣ ವಿಷಯ ಅಲ್ಲ. ಇಡೀ ದೇಶದ ಪರವಾಗಿ ಒಬ್ಬನೇ ಕೂತು ಚೌಕಾಸಿ ಮಾಡೋದೂ ಜಾಣತನವೇ.

ಆದರೆ ಎರಡು ಪ್ರಶ್ನೆ. ಒಂದು, 2027ರ ಡಿಸೆಂಬರ್ 31 ಆದಮೇಲೆ? ದುಡ್ಡು ಕಟ್ಟೋದು ನಿಲ್ಲಿಸಿದರೆ ಬಾಗಿಲು ಮತ್ತೆ ಮುಚ್ಚಿಕೊಳ್ಳುತ್ತೆ. ಇದು ಬಾಡಿಗೆ ಮನೆ, ಸ್ವಂತದ್ದಲ್ಲ. ಎರಡು, ಆ 6,300ರಲ್ಲಿ ಯಾರಿಲ್ಲ? ಮೊದಲ ಹಂತ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಮೈಸೂರು ರಸ್ತೆಯಲ್ಲಿ ನಾಯಂಡಹಳ್ಳಿಯಿಂದ ಕೆಂಗೇರಿ ದಾಟೋವರೆಗೆ ಎಡಕ್ಕೂ ಬಲಕ್ಕೂ ನೋಡ್ತಾ ಹೋಗಿ, ಎಷ್ಟು ಖಾಸಗಿ ಕಾಲೇಜಿನ ಬೋರ್ಡ್ ಕಾಣುತ್ತೆ ಲೆಕ್ಕ ಹಾಕಿ. ಅಲ್ಲಿ ಓದೋ ಮಕ್ಕಳೆಲ್ಲ ಶ್ರೀಮಂತರಾ? ಎಜುಕೇಷನ್ ಲೋನ್ ತಗೊಂಡು, ಸೈಟು ಅಡವಿಟ್ಟು ಓದಿಸ್ತಾ ಇರೋ ಅಪ್ಪ ಅಮ್ಮಂದಿರೂ ತೆರಿಗೆ ಕಟ್ಟಿಲ್ವಾ?

ಹಾಗಾದರೆ ಪ್ರಕಾಶಕರು ಈಗ ತಾವೇ ಹೇಳ್ತಾ ಇರೋ ಮುಕ್ತ ಪ್ರವೇಶ ಚೆನ್ನಾಗಿದೆಯಲ್ಲ ಅಂತೀರಾ? ಅದರ ರೇಟು ಕೇಳಿ. ಓದುಗನಿಗೆ ಬಿಟ್ಟಿ, ಬರೆದವನಿಗೆ ಬಿಲ್. 'ನೇಚರ್'ನಲ್ಲಿ ಒಂದು ಪೇಪರನ್ನು ಎಲ್ಲರಿಗೂ ತೆರೆದಿಡಬೇಕಾದರೆ 2021ರಲ್ಲಿ ನಿಗದಿಯಾದ ಶುಲ್ಕ 9,500 ಯೂರೋ. ಎಂಟು ಲಕ್ಷ ರೂಪಾಯಿಗೂ ಮೇಲೆ. ಒಳಗೆ ಬರೋರ ಟಿಕೆಟ್ ತೆಗೆದು ಹಾಡೋರ ಹತ್ತಿರವೇ ದುಡ್ಡು ವಸೂಲಿ ಮಾಡೋ ಸಭಾಂಗಣ ಇದು.

ಕೋರ್ಟಿನ ದಾರಿಯೂ ನೋಡಿಬಿಡೋಣ. ದೆಹಲಿ ವಿಶ್ವವಿದ್ಯಾಲಯದ ಒಂದು ಜೆರಾಕ್ಸ್ ಅಂಗಡಿ ಮೇಲೆ 2012ರಲ್ಲಿ ಆಕ್ಸ್‌ಫರ್ಡ್, ಕೇಂಬ್ರಿಜ್ ಪ್ರಕಾಶನಗಳು ಕೇಸ್ ಹಾಕಿದವು. ಪಾಠಕ್ಕೆ ಬೇಕಾದ ಪುಟಗಳನ್ನು ಸೇರಿಸಿ ಕೋರ್ಸ್ ಪ್ಯಾಕ್ ಮಾಡಿ ಕೊಡ್ತಾ ಇದ್ದ ಅಂಗಡಿ ಅದು. 2016ರಲ್ಲಿ ಹೈಕೋರ್ಟ್ ಅಂಗಡಿಯ ಪರ ನಿಂತಿತು. ನಮ್ಮ ಕಾಪಿರೈಟ್ ಕಾಯ್ದೆಯ 52ನೇ ಸೆಕ್ಷನ್ ಪಾಠಕ್ಕಾಗಿ ಮಾಡೋ ಪ್ರತಿಗೆ ವಿನಾಯಿತಿ ಕೊಡುತ್ತೆ ಅಂತ ಹೇಳಿತು. ನಮ್ಮ ಕಾಲೇಜಿನ ಗೇಟಿನ ಎದುರಿನ ಜೆರಾಕ್ಸ್ ಅಂಗಡಿಯವನಿಗೆ ಈ ಸುದ್ದಿ ಯಾರೂ ಹೇಳಿರಲಿಕ್ಕಿಲ್ಲ. ಹೇಳಿದ್ದರೆ ಒಂದು ದಿನ ಪುಟಕ್ಕೆ ಐವತ್ತು ಪೈಸೆ ಕಮ್ಮಿ ಮಾಡ್ತಿದ್ದನೇನೋ. ಇನ್ನೊಂದು ಕಡೆ ಸೈ-ಹಬ್. ಕಜಕಸ್ತಾನದ ಅಲೆಕ್ಸಾಂಡ್ರಾ ಎಲ್ಬಾಕ್ಯಾನ್ 2011ರಲ್ಲಿ ಶುರು ಮಾಡಿದ ತಾಣ, ಕಾಪಿರೈಟ್ ಗೋಡೆಯನ್ನೇ ಒಡೆದು ಪೇಪರ್ ಕೊಡೋದು. 2020ರ ಕೊನೆಯಲ್ಲಿ ದೆಹಲಿ ಹೈಕೋರ್ಟ್‌ಗೆ ಕೇಸ್ ಬಂತು, 2025ರ ಆಗಸ್ಟ್‌ನಲ್ಲಿ ಅದನ್ನು ಭಾರತದಲ್ಲಿ ಬಂದ್ ಮಾಡೋಕೆ ಆದೇಶ ಆಯಿತು. ಕಾನೂನು ಮುರಿದು ಓದಿ ಅಂತ ನಾನು ಹೇಳಲ್ಲ. ಆದರೆ ಕಾನೂನಿನ ಒಳಗೇ ಇದ್ದ ಬಾಗಿಲನ್ನು 2002ರಿಂದ ತೆರೆದಿಟ್ಟ ಊರು ನಮ್ಮದು. ಅದಕ್ಕೆ ಒಂದು ನಾಮಫಲಕ ಹಾಕಿಲ್ಲ ಅನ್ನೋದೇ ನನ್ನ ತಕರಾರು.

ವಿದ್ವತ್ತನ್ನು ಹಂಚೋ ಕೆಲಸಕ್ಕೆ ಮನೆಯನ್ನೇ ಮಾರಿದವರ ನಾಡು ಇದು. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ತಾಳೆಗರಿ ಹುಡುಕಿ ಹುಡುಕಿ ವಚನ ಸಂಗ್ರಹಿಸಿದರು, ಅಚ್ಚು ಹಾಕಿಸೋಕೆ ಸ್ವಂತ ಮನೆ ಮಾರಿ ಮುದ್ರಣಾಲಯ ಇಟ್ಟರು. 1926ರಲ್ಲಿ 'ಶಿವಾನುಭವ' ಪತ್ರಿಕೆ ಶುರು ಮಾಡಿದರು. ಅವರು ತೀರಿಕೊಂಡದ್ದು 1964ರಲ್ಲಿ. ಅಂದರೆ 2025ರ ಜನವರಿ 1ಕ್ಕೆ ಅವರ ಬರಹದ ಮೇಲಿನ ಕಾಪಿರೈಟ್ ಮುಗಿಯಿತು. ಈಗ ಯಾರು ಬೇಕಾದರೂ ಅಚ್ಚು ಹಾಕಬಹುದು, ಜಾಲತಾಣಕ್ಕೆ ಏರಿಸಬಹುದು. ಆ ದಿನ ನಮ್ಮ ಚಾನೆಲ್‌ನಲ್ಲಿ ಏನು ಬಂತು ಅಂತ ಕೇಳಬೇಡಿ. ಹೊಸ ವರ್ಷದ ರಾಶಿಫಲ.

ಕಳೆದ ತಿಂಗಳು ನಮ್ಮ ಆಫೀಸಿಗೆ ಇಂಟರ್ನ್ ಆಗಿ ಒಬ್ಬ ಹುಡುಗಿ ಬಂದಿದ್ದಳು. ಮೈಸೂರು ರಸ್ತೆಯದೇ ಒಂದು ಖಾಸಗಿ ಇಂಜಿನಿಯರಿಂಗ್ ಕಾಲೇಜು. ಊಟದ ಹೊತ್ತಿನಲ್ಲಿ ಲ್ಯಾಪ್‌ಟಾಪ್ ಮುಂದೆ ಮುಖ ಸಣ್ಣ ಮಾಡಿಕೊಂಡು ಕೂತಿದ್ದಳು. ಹತ್ತಿರ ಹೋಗಿ ನೋಡಿದೆ. ಅದೇ ಚೌಕ. ಈಗ 35 ಡಾಲರ್, ನಮ್ಮ ಲೆಕ್ಕದಲ್ಲಿ ಮೂರು ಸಾವಿರ.

"ಬರೆದೋರು ಎಲ್ಲಿಯವರಮ್ಮ?"

"ಇಲ್ಲಿಯವರೇ ಸರ್, ಬೆಂಗಳೂರು."

ಅವರ ಸಂಸ್ಥೆಯ ಭಂಡಾರ ತೆಗೆಸಿ ಹುಡುಕಿಸಿದೆ. ಪೇಪರಿನ ಹೆಸರಿತ್ತು, ಪೂರ್ತಿ ಪಠ್ಯ ಯಾರೂ ಹಾಕಿರಲಿಲ್ಲ. "ಅವರಿಗೇ ಒಂದು ಮೇಲ್ ಹಾಕು" ಅಂದೆ.

"ರಿಪ್ಲೈ ಮಾಡ್ತಾರಾ ಸರ್?"

"ನನಗೆ ಒಂದು ಗಂಟೆಯಲ್ಲಿ ಮಾಡಿದ್ದರು."

ಅವಳಿಗೆ ನಾಲ್ಕು ದಿನ ಹಿಡಿಯಿತು. ಪಿಡಿಎಫ್ ಬಂದ ದಿನ ತೋರಿಸೋಕೆ ನನ್ನ ಕ್ಯಾಬಿನ್‌ಗೇ ಬಂದಳು. "ಥ್ಯಾಂಕ್ಸ್ ಹೇಳಿ ಇನ್ನೊಂದು ಮೇಲ್ ಹಾಕಿದೀನಿ ಸರ್" ಅಂದಳು, "ಭಂಡಾರಕ್ಕೂ ಒಂದು ಕಾಪಿ ಹಾಕಿಬಿಡಿ ಅಂತ ಅದರಲ್ಲೇ ಬರೆದೆ. ತಪ್ಪಾಯ್ತಾ?"